ಕರಗಿದ ಜಾಲಿಮರ

"ಇದೂ ಬ್ಯಾಡ್ರಿ ಕಾಕಾ. ಇದನ್ನ ಹಚ್ಚಿದ್ರ ನಟ್ಟನಡುವ ತನ್ನ ಹೆಸರ ಬರಕೋತೈತಿ, ನೋಡ್ರಿ."

ಸೋನಾಲಿ ಕಂಪ್ಯೂಟರಿನ ಪರದೆಯ ಮೇಲೆ ಬೆರಳಿಟ್ಟಳು. ಲಾರಿಯ ಮುಂಗಾಜಿನ ಆಚೆ ಮೂಡಲಗಿಯ ರಸ್ತೆ ಓಡುತ್ತಿತ್ತು. ಆ ರಸ್ತೆಯ ಮೇಲೂ, ರಸ್ತೆಯಲ್ಲಿ ಬಿದ್ದ ಹೆಂಗಸಿನ ಮೇಲೂ ಯಾವುದೋ ಸಾಫ್ಟ್‌ವೇರಿನ ಹೆಸರು ಕೆಂಪು ಅಕ್ಷರಗಳಲ್ಲಿ ಅಡ್ಡಲಾಗಿ ಬಿದ್ದಿತ್ತು. ಹಣ ಕಟ್ಟಿ ಕೊಂಡರೆ ಈ ಬರಹ ಅಳಿಸಿಹೋಗುತ್ತದೆ ಎಂಬ ಇನ್ನೊಂದು ಸಾಲು ಕೆಳಗೆ ಮಿನುಗುತ್ತಿತ್ತು.

ಜಮಾದಾರ ಮುರಿಗೆಪ್ಪನವರು ಮುಖ ತಿರುಗಿಸಿಕೊಂಡರು. ಮೂವತ್ತನಾಲ್ಕು ವರ್ಷ ಪೊಲೀಸ್ ಖಾತೆಯಲ್ಲಿ ದುಡಿದು, ನಿವೃತ್ತರಾದ ಮೇಲೆ ಗೋಕಾಕದ ವಕೀಲರಿಗಾಗಿ ಖಟ್ಲೆಗಳ ಜಾಡು ಹಿಡಿಯುವ ಕೆಲಸ ಮಾಡಿಕೊಂಡಿದ್ದ ಹಿರಿಯರು ಅವರು. ಹೆಣಗಳನ್ನು ಬಾವಿಯಿಂದ ಎತ್ತಿದ್ದರು, ರೈಲು ಹಳಿಯ ಮೇಲಿಂದ ಆರಿಸಿ ಚೀಲಕ್ಕೆ ತುಂಬಿದ್ದರು. ಆದರೆ ಹೆಣದ ಎದೆಯ ಮೇಲೆ ಅಂಗಡಿಯ ಫಲಕ ತೂಗುಹಾಕಿದ್ದನ್ನು ಎಂದೂ ಕಂಡಿರಲಿಲ್ಲ.

"ಶಿವ ಶಿವಾ! ತಗಿ ಅದನ್ನ," ಅಂದರು.

ವಕೀಲರು ಕೊಟ್ಟು ಕಳಿಸಿದ, ಮೇಜಿನ ಮೇಲಿದ್ದ ಸೀಡಿ ಪ್ರತಿಯ ಕವಚವೂ ಅದಕ್ಕಿಂತ ಮೇಲಾಗಿರಲಿಲ್ಲ. ಸುತ್ತಲೂ ಗುಲಾಬಿ ಹೂವಿನ ಮಾಲೆ, ನಡುವೆ ಬಂಗಾರದ ಬಣ್ಣದಲ್ಲಿ 'ಶುಭ ವಿವಾಹ', ಕೆಳಗೆ 'ಪರಪ್ಪ ಡಿಜಿಟಲ್ ಸ್ಟುಡಿಯೋ, ಮೂಡಲಗಿ'. ಗೋದಾಮಿನಲ್ಲಿ ಅರಿಶಿನ ಆರಿಸಿ ಹೊಟ್ಟೆ ಹೊರೆಯುತ್ತಿದ್ದ ಉದ್ದವ್ವ ಎಂಬ ಹೆಂಗಸಿನ ಸಾವು ಆ ಹೂಮಾಲೆಯೊಳಗೆ ಕೂತು ಕೋರ್ಟು ಸೇರಿತ್ತು.

ಅರಿಶಿನದ ಗೋದಾಮೂ ಲಾರಿಯೂ ಯಮಕನಮರಡಿಯ ಗೊಮ್ಮಟೇಶ ಶೇಟ್ರವು. ಡ್ರೈವರುಗಳು ಡೀಸೆಲ್ ಕದ್ದು ಮಾರುತ್ತಾರೆಂಬ ಗುಮಾನಿಯಿಂದ ಅವರು ಮುಂಬಯಿಯಿಂದ ಒಂದು ಪುಟ್ಟ ಕ್ಯಾಮೆರಾ ತರಿಸಿ ಲಾರಿಯ ಮುಂಗಾಜಿಗೆ ಅಂಟಿಸಿದ್ದರು. ಎಂಜಿನ್ ಶುರುವಾದರೆ ಅದೂ ಶುರು. ೨೦೦೯ನೆಯ ಇಸವಿಯಲ್ಲಿ ಈ ಸೀಮೆಯಲ್ಲಿ ಅಂಥದು ಇನ್ನೊಂದು ಇರಲಿಲ್ಲ. ಉದ್ದವ್ವ ಸತ್ತ ಮರುದಿನವೇ ಶೇಟ್ರು ತಾವಾಗಿ ಠಾಣೆಗೆ ಬಂದು, ಅದರ ಚಿತ್ರದ ಸೀಡಿ ಕೊಟ್ಟು ಹೋಗಿದ್ದರು.

ಆ ಸೀಡಿಯನ್ನು ನಂಬಿಯೇ ಪೊಲೀಸರು ಲಾರಿಯ ಡ್ರೈವರ್ ಬಾಳೇಶನನ್ನು ಹಿಡಿದು ಒಳಗೆ ಹಾಕಿದ್ದರು. ಕುಡಿದು, ಬೇಕೆಂತಲೇ ಹೆಂಗಸಿನ ಮೇಲೆ ಗಾಡಿ ಹಾಯಿಸಿದ ಎಂಬ ಆರೋಪ. ನಾಳೆ ಹನ್ನೊಂದು ಗಂಟೆಗೆ ಅವನ ಜಾಮೀನಿನ ವಿಚಾರಣೆ. ನಾಳೆ ಸೋತರೆ ವಕೀಲರು ಕೈಚೆಲ್ಲುವುದು ಖಂಡಿತವಿತ್ತು.

ಬಾಳೇಶ ಜೈಲಿನಲ್ಲಿ ಮುರಿಗೆಪ್ಪನವರ ಕೈ ಹಿಡಿದು ಹೇಳಿದ್ದು ಒಂದೇ ಮಾತು: "ಸ್ಟೇರಿಂಗ್ ನನ್ನ ಕೈಯಾಗ ಇರಲಿಲ್ರಿ ಅಜ್ಜಾರ. ಲಿಂಗ ಮುಟ್ಟಿ ಹೇಳ್ತೇನಿ." ಮತ್ತೆ ಯಾರ ಕೈಯಲ್ಲಿತ್ತು ಎಂದರೆ ಬಾಯಿ ಬಿಡಲಿಲ್ಲ.

ಲಿಂಗ ಮುಟ್ಟಿ ಹೇಳಿದ ಮಾತಾದ್ದರಿಂದ ಮುರಿಗೆಪ್ಪನವರು ನಂಬಿದ್ದರು. ನಂಬಿದ್ದಕ್ಕೇ ಈ ಹೊಲಸನ್ನು ಕಣ್ಣಾರೆ ನೋಡುತ್ತ ಕೂತಿದ್ದರು.

"ಇನ್ನ ಯಾವ ಯಾವ ಸಾಫ್ಟ್‌ವೇರ್ ಅದಾವ ನಿನ್ನ ಕಡೆ?"

ಸೋನಾಲಿ ಗೋಕಾಕದ ಬಸ್‌ ನಿಲ್ದಾಣದ ಎದುರಿನ ಮಾಳಿಗೆಯ ಮೇಲೆ ಕಂಪ್ಯೂಟರ್ ಕ್ಲಾಸು ನಡೆಸುವವಳು. ಮಾತಿಗಿಂತ ಮೊದಲು ಕೈ ಓಡುವ ಹುಡುಗಿ.

"ಒಂದು ಈ ಕಂಪ್ಯೂಟರದಾಗ ಮೊದಲಿಂದ ಇದ್ದದ್ದು. ಅದು ಬರೇ ಸಿನಿಮಾದಂಗ ಓಡಸತೈತಿ, ಒಂದೊಂದ ಚಿತ್ರಕ್ಕ ನಿಂದರಸಾಕ ಬರೂದಿಲ್ಲ. ಇನ್ನೊಂದು ಬೆಳಗಾವಿಂದ ತಂದದ್ದು, ಮದುವಿ ಮಂದಿ ಎಲ್ಲಾ ಅದನ್ನ ಹಚ್ಚತಾರ. ಬಣ್ಣ ಏರಸತೈತಿ, ಅಲುಗಾಟ ತಗೀತೈತಿ, ಕತ್ತಲಿ ಇದ್ರ ಬೆಳಕ ಮಾಡತೈತಿ..."

"ಬ್ಯಾಡ. ತಿದ್ದುವಂಥಾದ್ದು ಯಾವುದೂ ಬ್ಯಾಡ."

"ಚಂದ ಕಾಣ್ತಿತ್ತಲ್ರಿ?"

"ಚಂದ ಕಾಣೂದರ ಸಲುವಾಗಿ ಸತ್ತಾಳೇನವ್ವಾ ಆಕಿ?"

ಗದರಿದ್ದಕ್ಕೆ ಮುರಿಗೆಪ್ಪನವರಿಗೇ ಕೆಡುಕೆನಿಸಿತು. ಎಳೆಯ ವಯಸ್ಸಿನಲ್ಲಿ ಮಠದಲ್ಲಿ ಕೂತು ವಚನದ ಹಳೆಯ ಕಟ್ಟುಗಳನ್ನು ನಕಲು ಮಾಡಿದ್ದನ್ನು ಅವಳಿಗೆ ಹೇಳಿದರು. ಒಂದು ಕಡೆ ಅಕ್ಷರ ತಪ್ಪಿದೆಯೆಂದು ತಾವೇ ಸರಿಮಾಡಿ ಬರೆದಾಗ ಅಲ್ಲಿನ ಅಯ್ಯನವರು ಇಡೀ ಹಾಳೆ ಹರಿದು ಹಾಕಿದ್ದರಂತೆ. ಕಂಡದ್ದನ್ನು ಬರೆ, ತಿಳಿದದ್ದನ್ನು ಬರೆಯಬೇಡ ಎಂದಿದ್ದರಂತೆ.

"ಅಂಥಾದ್ದೊಂದು ಐತ್ರಿ," ಎಂದು ಸೋನಾಲಿ ಸ್ವಲ್ಪ ಯೋಚಿಸಿ ಹೇಳಿದಳು. "ಫುಕಟ್ ಸಿಗತೈತಿ. ನೋಡಾಕ ಭಾಳ ಕೆಟ್ಟೈತಿ, ಬರೇ ಬೂದಿ ಬಣ್ಣ, ಒಂದು ಗುಂಡಿನೂ ಚಂದ ಇಲ್ಲ. ಆದ್ರ ತಾನಾಗಿ ಏನೂ ಮುಟ್ಟೂದಿಲ್ಲ. ಕೊಟ್ಟದ್ದನ್ನ ಒಂದೊಂದ ಚಿತ್ರ ಬಿಡಿಸಿ ತೋರಸತೈತಿ."

"ಅದನ್ನ ಹಚ್ಚು."

ಬೂದಿಬಣ್ಣದ ಚೌಕಟ್ಟು ತೆರೆಯಿತು. ಸೀಡಿಯ ಚಿತ್ರ ಒಂದು ನಿಮಿಷ ನಲವತ್ತು ಸೆಕೆಂಡಿನದು. ದನಿ ಇರಲಿಲ್ಲ. ಸೋನಾಲಿ ಒಂದು ಗುಂಡಿ ಒತ್ತಿದರೆ ಲಾರಿ ಮೊಳದಷ್ಟು ಮುಂದೆ ಸರಿಯುವುದು, ಇನ್ನೊಮ್ಮೆ ಒತ್ತಿದರೆ ಮತ್ತೊಂದು ಮೊಳ. ಜಪಮಣಿ ಎಣಿಸಿದಂತೆ ಇಬ್ಬರೂ ಆ ರಸ್ತೆಯಲ್ಲಿ ನಡೆದರು.

ನಲವತ್ತೆಂಟನೆಯ ಸೆಕೆಂಡಿಗೆ ಮುರಿಗೆಪ್ಪನವರು ಕೈ ಎತ್ತಿದರು.

ರಸ್ತೆಯ ಎಡಕ್ಕೆ ಒಂದು ಜಾಲಿಮರ ಇತ್ತು. ಮುಂದಿನ ಚಿತ್ರದಲ್ಲಿ ಅದರ ಮೈಯೊಳಗೇ ಹೊಗೆಯಂತೆ ಇನ್ನೊಂದು ಜಾಲಿಮರ ಮೂಡಿತ್ತು. ಅದರ ಮುಂದಿನದರಲ್ಲಿ ಹೊಗೆಯ ಮರ ಇನ್ನಷ್ಟು ದಟ್ಟವಾಗಿ, ಮೊದಲನೆಯದು ತೆಳುವಾಗಿತ್ತು. ಹನ್ನೆರಡು ಚಿತ್ರ ಕಳೆಯುವಷ್ಟರಲ್ಲಿ ಮೊದಲ ಮರ ಕರಗಿ ಹೋಗಿ ಎರಡನೆಯದು ಗಟ್ಟಿಯಾಗಿ ನಿಂತಿತು. ಎಲ್ಲ ಅರ್ಧ ಸೆಕೆಂಡಿನ ಆಟ. ಓಡುವ ಚಿತ್ರದಲ್ಲಿ ಯಾರ ಕಣ್ಣಿಗೂ ಬೀಳುವಂತಿರಲಿಲ್ಲ.

"ಅಯ್ಯ! ಇದು ಲಾರಿ ಕ್ಯಾಮೆರಾ ಮಾಡಿದ್ದಲ್ರಿ ಕಾಕಾ," ಸೋನಾಲಿ ಕುರ್ಚಿಯ ತುದಿಗೆ ಬಂದಳು. "ಇದು ಮದುವಿ ಮಂದಿ ಕೈ. ಅಕ್ಷತಿ ಮುಗದು ಊಟದ ಪಂಕ್ತಿ ತೋರಸಬೇಕಾದ್ರ ಹಿಂಗ ಒಂದರಾಗೊಂದು ಕರಗಸ್ತಾರ. ಬರೇ ಕತ್ತರಸಿ ಜೋಡಸಿದ್ರ ಬೀಗರು ಬೈತಾರ."

"ಅಂದ್ರ ನಡುವಿಂದು ಯಾವುದೋ ತಗದಾರ."

"ತಗದು ಹೊಲಿಗಿ ಹಾಕ್ಯಾರ."

ಇನ್ನೊಂದು ಹೊಲಿಗೆಯೂ ಸಿಕ್ಕಿತು. ಒಂದು ನಿಮಿಷ ಹದಿನೇಳನೆಯ ಸೆಕೆಂಡು, ಉದ್ದವ್ವ ನೆಲಕ್ಕೆ ಬಿದ್ದ ಗಳಿಗೆ. ಅಲ್ಲಿಯೂ ಹನ್ನೆರಡು ಚಿತ್ರಗಳಲ್ಲಿ ಒಂದು ರಸ್ತೆ ಇನ್ನೊಂದು ರಸ್ತೆಯೊಳಗೆ ಹಿತವಾಗಿ, ಮೆತ್ತಗೆ ಬೆರೆತುಹೋಗಿತ್ತು.

ಕಳ್ಳಕೆಲಸ ಮಾಡುವವನು ನೇರವಾಗಿ ಕತ್ತರಿಸಿ ಎಸೆದಿದ್ದರೆ ಲಾರಿ ತಗ್ಗಿನಲ್ಲಿ ಕುಪ್ಪಳಿಸಿತೆಂದು ಎಲ್ಲರೂ ಸುಮ್ಮನಾಗುತ್ತಿದ್ದರು. ಈ ಮನುಷ್ಯನಿಗೆ ಅದು ಸಾಲಲಿಲ್ಲ. ಒಬ್ಬ ತಾಯಿ ಗಾಲಿಗೆ ಸಿಗುವ ಚಿತ್ರವನ್ನೂ ಬೀಗರ ಮುಂದೆ ಇಡುವಂತೆ ಚಂದ ಮಾಡಿಯೇ ಕೊಟ್ಟಿದ್ದ.

ಮುರಿಗೆಪ್ಪನವರು ಹೊರಗೆ ಬಂದಾಗ ಮೆಟ್ಟಿಲ ಬಳಿಯ ಬೆಂಚಿನ ಮೇಲಿದ್ದ ಹೆಂಗಸು ಗಡಬಡಿಸಿ ಎದ್ದು ನಿಂತಳು. ಬಾಳೇಶನ ಹೆಂಡತಿ ಶೋಭಾ. ಹುಕ್ಕೇರಿಯಿಂದ ಬೆಳಗಿನ ಮೊದಲ ಬಸ್ಸಿಗೆ ಬಂದವಳು.

"ಏನರ ಗೊತ್ತಾತೇನ್ರಿ ಅಜ್ಜಾರ?"

"ಹಾದಿ ಸಿಕ್ಕೈತವ್ವ. ಮೂಡಲಗಿಗೆ ಹೋಗಿ ಬರ್ತೇನಿ. ನೀ ಏನರ ತಿನ್ನು ಮೊದಲ."

"ನೀವು ಬರೂತನಕ ಇಲ್ಲೇ ಕುಂದರತೇನ್ರಿ," ಅಂದಳು.

*

ಪರಪ್ಪನ ಸ್ಟುಡಿಯೋ ಮೂಡಲಗಿಯ ಪೇಟೆಯಲ್ಲಿ ಬಟ್ಟೆ ಅಂಗಡಿಗೂ ಬಜ್ಜಿ ಅಂಗಡಿಗೂ ನಡುವೆ ಇತ್ತು. ಗಾಜಿನ ಬಾಗಿಲಿಗೆ ವಧೂವರರ ಫೋಟೊ, ಅದರ ಮಗ್ಗುಲಿಗೆ ಕೈಯಿಂದ ಬರೆದ ಚೀಟಿ: 'ಮೆಮೊರಿ ಕಾರ್ಡ್ ತುಂಬಿಸಿ ಕೊಡಲಾಗುವುದು. ಭಕ್ತಿಗೀತೆ, ಸಿನಿಮಾ ಹಾಡು, ಕಾಮಿಡಿ, ಆಕ್ಸಿಡೆಂಟ್.'

ಕೊನೆಯ ಮಾತನ್ನು ಮುರಿಗೆಪ್ಪನವರು ಎರಡು ಸಲ ಓದಿದರು. ದೇವರ ಹಾಡು ಮೊದಲು ಬರೆದಿದ್ದ, ಪುಣ್ಯಾತ್ಮ.

ಒಳಗೆ ಮೂರು ಜನ ಗಂಡಸರು ತಲೆಗೆ ತಲೆ ಹಚ್ಚಿ ಒಂದು ಮೊಬೈಲಿನಲ್ಲಿ ಇಣುಕುತ್ತಿದ್ದರು. ಮೊಬೈಲ್ ಹಿಡಿದವನ ಇನ್ನೊಂದು ಕೈಯಲ್ಲಿ ಮಿರ್ಚಿ ಭಜಿ. ಟ್ರ್ಯಾಕ್ಟರ್ ಹೊಡೆಯುವ ಆಳು, ಪಕ್ಕದವರು ಅವನನ್ನು ಯಲ್ಲಾರಿ ಎಂದು ಕರೆಯುತ್ತಿದ್ದರು. "ಬಂತ ನೋಡ್ರಿ, ಬಂತ ಬಂತ, ಈಗ ನೋಡ್ರಿ," ಎಂದು ಅವನು ಭಜಿ ಕಚ್ಚಿದ. ಉಳಿದಿಬ್ಬರೂ "ಹೋ..." ಎಂದು ಉಸಿರೆಳೆದು ಹಲ್ಲು ಬಿಟ್ಟರು.

ಮುರಿಗೆಪ್ಪನವರು ನೋಡಲಿಲ್ಲ. ಪರದೆಯ ಮೂಲೆಯಲ್ಲಿ ಹಸಿರು ಸೀರೆಯ ಚೂರೊಂದು ಹೊಳೆದದ್ದು ಮಾತ್ರ ಕಣ್ಣಿಗೆ ಬಿತ್ತು. ಬಟ್ಟೆಯೊಳಗೆ ಹುಳು ಹೊಕ್ಕಂತೆ ಮೈಯೆಲ್ಲ ಜುಮ್ಮೆಂದಿತು. ಹೋದ ವರ್ಷ ಅವರ ಹೆಂಡತಿ ಶಿವಗಂಗವ್ವ ಲಿಂಗೈಕ್ಯಳಾದ ದಿನ, ಪೂಜೆಗೆ ಕೂಡಿಸಿದ್ದ ಆಕೆಯ ಮುಖಕ್ಕೆ ನೆಂಟನೊಬ್ಬ ಮೊಬೈಲ್ ಹಿಡಿದಿದ್ದ. ಆಗ ಅವನ ಕೈಗೆ ಒಂದೇಟು ಹಾಕಿದ್ದರು. ಈ ಮೂವರಿಗೆ ಹಾಕಲು ಇವರು ನೆಂಟರೂ ಅಲ್ಲ, ತಾವೀಗ ಜಮಾದಾರರೂ ಅಲ್ಲ.

"ಬರ್ರಿ ಜಮಾದಾರ್ರ, ಬರ್ರಿ ಬರ್ರಿ!" ಪರಪ್ಪ ಕಂಪ್ಯೂಟರ್ ಬಿಟ್ಟು ಎದ್ದ. ಬೆರಳಿಗೆರಡು ಉಂಗುರ, ಹಣೆಗೆ ಅಚ್ಚುಕಟ್ಟಾದ ವಿಭೂತಿ. "ಮೊಮ್ಮಗಳ ಮದುವಿ ಏನ್ರಿ?"

"ಇಲ್ಲಪ್ಪ. ಹೊಸಾ ಮಾತ ಕೇಳಿದ್ನಿ, ಅದಕ್ಕ ಬಂದೆ. ಲಾರಿ ಕ್ಯಾಮೆರಾದ ಫೈಲ್ ಗೋಕಾಕದಾಗ ಯಾರ ಕಡೆನೂ ತೆರೀಲಿಲ್ಲಂತ, ನೀ ಒಬ್ಬನ ತೆರದೀ ಅಂತ?"

ಜಂಬದ ಮನುಷ್ಯನ ಬಾಯಿ ಬಿಡಿಸಲು ಲಾಠಿ ಬೇಕಿಲ್ಲ ಎಂಬುದನ್ನು ಮುರಿಗೆಪ್ಪನವರು ನೌಕರಿಯಲ್ಲಿ ಕಲಿತಿದ್ದರು. ಪರಪ್ಪ ಹಿಗ್ಗಿ ಕುರ್ಚಿ ಒರೆಸಿ ಕೊಟ್ಟ.

"ಖರೆ ಐತ್ರಿ! ಗೋಕಾಕದಾಗ ಇಬ್ಬರು ಕೈ ಎತ್ತಿದ್ರು. ಆ ಚೀನಾ ಕ್ಯಾಮೆರಾದ ಫೈಲ್ ಅಂದ್ರ ಭಾರಿ ಹಟಮಾರಿ. ಒಂದರಾಗ ಹಚ್ಚಿದ್ರ ಬರೇ ಹಸರ ಪಟ್ಟಿ ಬರ್ತಿತ್ತು, ಇನ್ನೊಂದರಾಗ ಚಿತ್ರ ತಲಿಕೆಳಗ. ಐದು ಸಾಫ್ಟ್‌ವೇರ್ ಹಚ್ಚಿ ನೋಡೀನ್ರಿ. ಮೊದಲ ತೆರದದ್ದು ಯಾವುದ ಅಂತೀರಿ? ಮೊಬೈಲಿಗೆ ಸಣ್ಣ ಮಾಡೂದು ಐತೆಲ್ಲ, ಅದು! ಆಮ್ಯಾಲ ದೊಡ್ಡದರಾಗ ಹಾಕಿ, ಬೆಳಕ ಏರಿಸಿ, ಸೀಡಿ ಮಾಡಿ ಕೊಟ್ನಿ. ಪೊಲೀಸ್ ಸಾಹೇಬ್ರು ಸೈತ ಅಂದ್ರು, ಏನ ಸಾಫ್ ಐತ್ಲೇ ಪರಪ್ಪ ಅಂತ."

"ಸಾಫ್ ಐತಿ. ನಾನೂ ನೋಡಿದ್ನಿ. ಎರಡ ಕಡೆ ಭಾಳ ನಾಜೂಕಾಗಿ ಕರಗಿಸೀದಿ."

ಪರಪ್ಪನ ನಗು ಮುಖದ ಮೇಲೆ ಹಾಗೆಯೇ ನಿಂತುಬಿಟ್ಟಿತು.

"ಏನ್ರಿ ಅದು?"

"ಜಾಲಿಮರದಾಗ ಜಾಲಿಮರ. ಮದುವ್ಯಾಗ ಮಾಡತೀರಲ್ಲ, ಹಂಗ."

"ಅದು... ಅಲ್ಲಿ ಗಾಡಿ ಸುಮ್ಮ ನಿಂತಿತ್ರಿ. ಗೊಮ್ಮಟೇಶ ಶೇಟ್ರು ಅಂದ್ರು, ನಿಂತದ್ದೆಲ್ಲಾ ತಗದು ಹಾಕು, ಸಾಹೇಬರಿಗೆ ಬ್ಯಾಸರಾಗಬಾರದು ಅಂತ. ನಮ್ಮ ಧಂದೇದಾಗ ಬರೇ ಕತ್ತರಸಿ ಕೊಟ್ರ ಹೆಸರ ಹೋಗತೈತ್ರಿ. ಕಣ್ಣಿಗೆ ಹೊಡೀಬಾರದಂತ ಚೂರ..."

"ದನಿ ಯಾಕ ತಗದಿ?"

"ಎಂಜಿನ್ ಸದ್ದ ಬರೇ ಕರಕರ ಅಂತಿತ್ರಿ. ಬೇಕಾದ್ರ ಹಿಂದ ಸಣ್ಣಾಗಿ ಶಹನಾಯಿ ಹಚ್ಚಲೇನ್ರಿ ಅಂತ ಕೇಳಿದ್ನಿ. ಶೇಟ್ರು ಬ್ಯಾಡ ಅಂದ್ರು."

ಪರಪ್ಪ ತಮಾಷೆ ಮಾಡುತ್ತಿರಲಿಲ್ಲ. ನಿಜವಾಗಿಯೂ ಕೇಳಿದ್ದ. ಅವನ ಹಣೆಯ ವಿಭೂತಿ ನೋಡಿ ಮುರಿಗೆಪ್ಪನವರಿಗೆ ತಮ್ಮ ಹಣೆಯದನ್ನು ಒರೆಸಿಕೊಳ್ಳಬೇಕೆನಿಸಿತು.

"ತಗದದ್ದರಾಗ ಏನಿತ್ತು?"

"ನಾ ಅದನ್ನೆಲ್ಲಾ ನೋಡೂದಿಲ್ರಿ. ಇಲ್ಲಿಂದ ಇಲ್ಲಿತನಕ ಅಂತ ಶೇಟ್ರು ಬೆರಳ ಮಾಡಿ ತೋರಿಸಿದ್ರು. ತಗದ್ನಿ."

"ಮೂಲದ್ದು ಎಲ್ಲೈತಿ?"

"ಶೇಟ್ರ ಬಾಜೂಕ ನಿಂತು ಅಳಿಸಿಸಿದ್ರು. ಕ್ಯಾಮೆರಾದ ಕಾರ್ಡೂ ಅವರ ಒಯ್ದ್ರು. ನನ್ನ ಕಡೆ ಏನೂ ಇಲ್ರಿ, ನನ್ನ ಮಕ್ಕಳಾಣಿ."

ಅದು ಸುಳ್ಳಲ್ಲವೆಂದು ಮುರಿಗೆಪ್ಪನವರಿಗೆ ಕಂಡಿತು. ಎದ್ದು ಬಾಗಿಲ ಕಡೆ ತಿರುಗಿದರು. ಆಗ ಯಲ್ಲಾರಿಯ ಮೊಬೈಲು ಮತ್ತೊಮ್ಮೆ ಅವರ ಎದುರಿಗೆ ಬಂತು. ಚಿತ್ರ ಮುಗಿದು ನಿಂತಿತ್ತು. ಕೆಳಗೆ ಒಂದು ಪುಟ್ಟ ಗೆರೆ, ಅದರ ತುದಿಗೆ ಅಂಕಿಗಳು.

ಎರಡು ನಿಮಿಷ ಮೂವತ್ತೊಂದು ಸೆಕೆಂಡು.

ಸೀಡಿಯಲ್ಲಿದ್ದದ್ದು ಒಂದು ನಿಮಿಷ ನಲವತ್ತು. ಮೊದಲು ತೆರೆದದ್ದು ಮೊಬೈಲಿಗೆ ಸಣ್ಣ ಮಾಡುವ ಸಾಫ್ಟ್‌ವೇರ್ ಎಂದು ಪರಪ್ಪನೇ ಬಾಯಿಬಿಟ್ಟು ಹೇಳಿದ್ದ. ಅಂದರೆ ಕತ್ತರಿ ಆಡುವುದಕ್ಕೆ ಮೊದಲು ಆದ ನಕಲು ಅದು. ಶೇಟ್ರು ಮೂಲವನ್ನು ಅಳಿಸಿದರು, ಆದರೆ ಪರಪ್ಪ ಮೊಬೈಲಿಗೆ ಮಾಡಿ ಮಾರಿಕೊಂಡ ಈ ಹೊಲಸು ಅವರ ಲೆಕ್ಕಕ್ಕೆ ಬಂದಿರಲಿಲ್ಲ.

"ತಮ್ಮಾ, ಆ ಕಾರ್ಡು ನನಗ ಬೇಕಾಗೈತಿ," ಅಂದರು ಮುರಿಗೆಪ್ಪನವರು.

ಯಲ್ಲಾರಿ ಅವರ ಬಿಳಿಯ ಅಂಗಿ, ಧೋತರ, ಹಣೆಯ ಮೂರು ಗೆರೆ ಎಲ್ಲವನ್ನೂ ಮೇಲಿನಿಂದ ಕೆಳಗಿನ ತನಕ ನೋಡಿದ.

"ಅಜ್ಜಾರಿಗೂ ಬೇಕಂತಲೇ! ಈ ವಯಸ್ಸಿನ್ಯಾಗ ಇಂಥಾದ್ದ ನೋಡಾಕ ಹುಕಿ ಬಂತೇನ್ರಿ?"

ಉಳಿದಿಬ್ಬರೂ ಕಿಸಕ್ಕೆಂದರು. ಮುರಿಗೆಪ್ಪನವರ ಕಿವಿ ಕೆಂಪಾಯಿತು. ಅಂಥ ಮಾತನ್ನು ಅವರು ಜನ್ಮದಲ್ಲಿ ಕೇಳಿಸಿಕೊಂಡಿರಲಿಲ್ಲ. ಕೇಳಿಸಿಕೊಂಡು ನಿಂತರು.

"ಹೌದಪ್ಪ. ನೋಡಬೇಕಾಗೈತಿ."

"ಯಲ್ಲಾರಿ, ಕೊಡಬ್ಯಾಡ!" ಪರಪ್ಪ ಮೇಜು ಹಾರಿ ಬಂದ. "ಕೊಡಬ್ಯಾಡ ಅದನ್ನ! ಇಲ್ಲೆ ತಾ!"

ಯಲ್ಲಾರಿಗೆ ಅದು ಸೇರಲಿಲ್ಲ. "ಯಾಕ ಕೊಡಬಾರದೋ? ನಾ ರೊಕ್ಕಾ ಕೊಟ್ಟ ತುಂಬಿಸೀನಿ. ನಿಮ್ಮಪ್ಪನ ಮನಿದೇನ ಇದು?"

"ತಗೋ, ಇವನ ಅಂಗಡಿದ ಹೊಸಾ ಕಾರ್ಡು," ಎಂದು ಮುರಿಗೆಪ್ಪನವರು ಕಪಾಟಿನಲ್ಲಿ ನೇತುಹಾಕಿದ್ದ ಒಂದನ್ನು ಕಿತ್ತು, ನೋಟನ್ನು ಮೇಜಿನ ಮೇಲಿಟ್ಟು, ಯಲ್ಲಾರಿಯ ಕೈಗೆ ಕೊಟ್ಟರು. ಹಳೆಯದನ್ನು ಅವನು ಉಗುರಿನಿಂದ ಕೆದರಿ ತೆಗೆದು ಅವರ ಅಂಗೈಗೆ ಹಾಕಿದ. ಭಜಿಯ ಎಣ್ಣೆ ಹತ್ತಿತ್ತು. ಹೆಬ್ಬೆರಳಿನ ಉಗುರಿನಷ್ಟಿತ್ತು.

"ಆಕೀ ಹೆಸರ ಗೊತ್ತೇನ ನಿನಗ?" ಮುರಿಗೆಪ್ಪನವರು ಕೇಳಿದರು.

"ಯಾರದ್ರಿ?"

"ಆ ಹಸರ ಸೀರಿ ಹೆಣಮಗಳದು. ಉದ್ದವ್ವ ಅಂತ. ಆಕೀ ಮಗಳು ಇದ ಊರ ಸಾಲ್ಯಾಗ ಕಲೀತಾಳ. ನಾಳೆ ಆ ಹುಡುಗಿ ಹಾದ್ಯಾಗ ಎದುರಿಗೆ ಬಂದ್ರ ಮಾರಿ ಎತ್ತಿ ನೋಡು."

ಯಲ್ಲಾರಿಯ ಭಜಿ ಬಾಯಿಯ ಹತ್ತಿರ ಬಂದು ನಿಂತಿತು. "ನಮಗೇನ ಗೊತ್ತರಿ... ಎಲ್ಲಾರೂ ನೋಡ್ತಾರಂತ..." ಎಂದ. ಆದರೂ ಹೊಸ ಕಾರ್ಡನ್ನು ಜೇಬಿಗೆ ಹಾಕಿಕೊಳ್ಳಲು ಮರೆಯಲಿಲ್ಲ.

ಬಸ್‌ ನಿಲ್ದಾಣದ ನಳದಲ್ಲಿ ಮುರಿಗೆಪ್ಪನವರು ಮೊಣಕೈ ತನಕ ತೊಳೆದುಕೊಂಡರು. ಮತ್ತೊಮ್ಮೆ ತೊಳೆದರು. ಕಾರ್ಡನ್ನು ಕಾಗದದಲ್ಲಿ ಸುತ್ತಿ, ಕೊರಳ ಲಿಂಗದ ಕರಡಿಗೆಯಿಂದ ಆದಷ್ಟು ದೂರವಿರಲೆಂದು ಧೋತರದ ಸೊಂಟಕ್ಕೆ ಸಿಕ್ಕಿಸಿಕೊಂಡರು.

*

ಗೋಕಾಕಕ್ಕೆ ಬಂದಾಗ ನಾಲ್ಕು ಗಂಟೆ. ಶೋಭಾ ಅದೇ ಬೆಂಚಿನ ಮೇಲೆ ಕೂತಿದ್ದಳು. ಸೋನಾಲಿ ತನ್ನ ಕ್ಲಾಸಿನವರನ್ನು ಬೇಗ ಕಳಿಸಿ ಕಾಯುತ್ತಿದ್ದಳು.

"ಇದು ಮೊಬೈಲಿಂದು. ಮತ್ತ ಬದಲಿ ಮಾಡಬೇಕ್ರಿ," ಎಂದು ಕಾರ್ಡು ಹಚ್ಚಿ ನೋಡಿದಳು. "ಕೋರ್ಟಿನ್ಯಾಗ ಇದು ಹಿಂಗ ಓಡೂದಿಲ್ಲ. ನನ್ನ ಕಡೆ ಎರಡ ಅದಾವ. ಒಂದು ಚಿತ್ರ ಚೊಲೋ ಇಡತೈತಿ, ಆದ್ರ ಈ ಮೊಬೈಲಿನ ದನಿ ಅದಕ್ಕ ತಿಳಿಯೂದಿಲ್ಲ, ಬಿಟ್ಟ ಬಿಡತೈತಿ. ಇನ್ನೊಂದು ದನಿ ಇಡತೈತಿ, ಚಿತ್ರ ಚೂರ ಚೌಕ ಚೌಕ ಆಗತೈತಿ. ಯಾವುದ ಹಚ್ಚಲಿ?"

"ದನಿ ಉಳಸೂದು ಹಚ್ಚು," ಅಂದರು ಮುರಿಗೆಪ್ಪನವರು ತಡಮಾಡದೆ. "ಅವರು ದನಿ ಕೊಂದಾರ. ಕೊಲ್ಲೂವಂಥಾದ್ದು ಏನೋ ಅದರಾಗ ಐತಿ."

ನೀಲಿ ಪಟ್ಟಿಯೊಂದು ಎಡದಿಂದ ಬಲಕ್ಕೆ ತೆವಳಿತು. ಕರೆಂಟು ಒಮ್ಮೆ ಹೋಗಿ ಬ್ಯಾಟರಿ ಕಿರಿಚಿತು, ಮತ್ತೆ ಬಂತು. ಸೋನಾಲಿ ದೊಡ್ಡ ಸ್ಪೀಕರಿನ ವಾಯರು ಚುಚ್ಚಿದಳು. ಮುರಿಗೆಪ್ಪನವರು ಕರಡಿಗೆಯ ಮೇಲೆ ಕೈಯಿಟ್ಟುಕೊಂಡರು.

ಅದೇ ರಸ್ತೆ. ಈ ಸಲ ಎಂಜಿನ್ನಿನ ಸದ್ದು ಇತ್ತು. ನಲವತ್ತೆಂಟನೆಯ ಸೆಕೆಂಡಿಗೆ ಮರ ಕರಗಲಿಲ್ಲ. ಲಾರಿ ಜಾಲಿಮರದ ಮುಂದೆ ನಿಂತಿತು. ಬಲಗಡೆ ಬಾಗಿಲು ಬಡಿದ ಸದ್ದು. ಒಬ್ಬ ಗಂಡಸು ಲಾರಿಯ ಮುಂದಿನಿಂದ ಬಲದಿಂದ ಎಡಕ್ಕೆ ನಡೆದು ಬಂದ. ನಟ್ಟನಡುವೆ ನಿಂತು, ಗಾಡಿಯ ಹಣೆ ಮುಟ್ಟಿ ಕಣ್ಣಿಗೆ ಒತ್ತಿಕೊಂಡ. ಸ್ಟೇರಿಂಗ್ ಬಿಟ್ಟುಕೊಡುವಾಗ ಈ ಸೀಮೆಯ ಡ್ರೈವರುಗಳು ಹಾಗೆ ಮಾಡುವುದುಂಟು. ಆಮೇಲೆ ತಲೆ ಎತ್ತಿದ.

ಬಾಳೇಶ. ಚೌಕ ಚೌಕವಾಗಿ ಒಡೆದ ಮುಖವಾದರೂ ಅನುಮಾನಕ್ಕೆ ಎಡೆಯಿರಲಿಲ್ಲ. ಎಡಗಡೆಯ ಬಾಗಿಲು ಬಡಿದುಕೊಂಡಿತು. ಲಾರಿ ಬೇರೆ ಯಾರದೋ ಕೈಯಲ್ಲಿ, ಗೇರು ತಿಕ್ಕಾಡುತ್ತ, ಹೊರಟಿತು.

"ನಿಂದರಸು!" ಮುರಿಗೆಪ್ಪನವರು ಎದ್ದರು.

"ಕಾಕಾ! ಖರೇನ ಹೇಳ್ಯಾನ್ರಿ ಅಂವಾ! ಡ್ರೈವರ ಸೀಟ ಬಿಟ್ಟು ಈ ಕಡೆ ಬಂದಾನ!" ಸೋನಾಲಿಯ ಕಣ್ಣಲ್ಲಿ ನೀರು ತುಂಬಿತ್ತು.

ಅಷ್ಟು ದಿನದ ಹೇಸಿಕೆ ಒಮ್ಮೆಲೆ ಇಳಿದುಹೋದಂತಾಯಿತು. ಮುರಿಗೆಪ್ಪನವರು ಬಾಗಿಲು ತೆರೆದು ಹೊರಗೆ ಹೋದರು. "ಶೋಭಾ, ನಿನ್ನ ಗಂಡ ಖರೆ ಹೇಳ್ಯಾನವ್ವ. ಗಾಡಿ ಅವನ ಕೈಯಾಗ ಇರಲಿಲ್ಲ. ಚಿತ್ರದಾಗ ಬಂದೈತಿ. ನಾಳೆ ಜಡ್ಜ್ ಸಾಹೇಬರ ಮುಂದ ಇದನ್ನ ಇಡತೇವಿ."

ಶೋಭಾ ಬಗ್ಗಿ ಅವರ ಎರಡೂ ಪಾದಗಳನ್ನು ಹಿಡಿದಳು. ಬಿಡಿಸಿಕೊಳ್ಳಬೇಕಾದರೆ ಸಾಕಾಯಿತು.

"ಇನ್ನ ಒಂದಿಷ್ಟ ಐತಿ, ನೋಡಿ ಬರ್ತೇನಿ. ಸ್ಟೇರಿಂಗ್ ಹಿಡದಾಂವ ಯಾವನಂತ ತಿಳೀಲಿ," ಎಂದು ಒಳಗೆ ಬಂದರು. ಬಾಗಿಲು ಹಾಕಿಕೊಳ್ಳುವ ನೆನಪಾಗಲಿಲ್ಲ.

ಸೋನಾಲಿ ಗುಂಡಿ ಒತ್ತಿದಳು.

ಲಾರಿ ಸಾವಕಾಶ ಹೊರಟಿತ್ತು. ಎದುರಿಗೆ ಹಸಿರು ಸೀರೆಯ ಹೆಂಗಸು ನಡುರಸ್ತೆಗೆ ಬಂದು ಎರಡೂ ಕೈ ಅಡ್ಡ ಹಿಡಿದಳು. ನಿಲ್ಲಿಸಿ ಎಂದು ಕೂಗುತ್ತಿದ್ದಳು. ಬ್ರೇಕು ಕಿರುಗುಟ್ಟಿತು. ಧಡ್ ಎಂಬ ಸಣ್ಣ ಸದ್ದು. ಉದ್ದವ್ವ ಬಿದ್ದಳು. ಲಾರಿ ನಿಂತಿತು.

ಸೀಡಿಯಲ್ಲಿ ಎರಡನೆಯ ಹೊಲಿಗೆ ಬಿದ್ದ ಜಾಗ ಇದೇ.

ಬಿದ್ದವಳು ಅಲುಗಿದಳು. ಮೊಣಕೈ ಊರಿ ಏಳಲು ನೋಡಿದಳು. ಒಂದು ಕೈ ಮೇಲೆತ್ತಿದಳು.

"ಬಾಳೇಶಣ್ಣಾ... ಜೀವ ಐತೋ ಆಕೀಗೆ..." ಕ್ಯಾಮೆರಾದ ಹತ್ತಿರವೇ, ಸ್ಟೇರಿಂಗಿನ ಹಿಂದಿನಿಂದ, ಅಳುತ್ತಿದ್ದ ಎಳೆಯ ದನಿ. ಮುರಿಗೆಪ್ಪನವರಿಗೆ ಅದರ ಗುರುತು ಹತ್ತಲಿಲ್ಲ; ಶೇಟ್ರು ದನಿ ತೆಗೆಸಿದ್ದು ಇದನ್ನು ಮುಚ್ಚಲೆಂಬುದು ಮಾತ್ರ ತಿಳಿಯಿತು.

ಎಡಗಡೆಯ ಬಾಗಿಲು ಬಡಿಯಿತು. ಬಾಳೇಶ ಇಳಿದು ಮುಂದೆ ಬಂದ. ಉದ್ದವ್ವನ ಹತ್ತಿರ ಹೋಗಿ ಬಗ್ಗಿ ನೋಡಿದ. ಆಕೆ ಅವನ ಕಾಲಿಗೆ ಕೈ ಚಾಚಿದಳು. ಅವನು ಕಾಲು ಹಿಂದಕ್ಕೆ ತೆಗೆದುಕೊಂಡ. ರಸ್ತೆಯ ಆ ಕಡೆ ನೋಡಿದ, ಈ ಕಡೆ ನೋಡಿದ.

"ಆಂಬುಲೆನ್ಸಿಗೆ ಫೋನ್ ಮಾಡತಾನೇನ್ರಿ?" ಸೋನಾಲಿ ಪಿಸುಗುಟ್ಟಿದಳು.

ಬಾಳೇಶ ರಸ್ತೆಯ ಬದಿಗೆ ಸರಿದು ನಿಂತ. ಲಾರಿಯ ಕಡೆ ತಿರುಗಿದ. ಇಕ್ಕಟ್ಟಿನ ಜಾಗದಲ್ಲಿ ಗಾಡಿ ಹಚ್ಚಿಸುವಾಗ ಕ್ಲೀನರುಗಳು ನಿಲ್ಲುವಂತೆ ನಿಂತು, ಬಲಗೈ ಎತ್ತಿ, ಬೆರಳುಗಳನ್ನು ತನ್ನ ಕಡೆಗೆ ಮಡಚಿ ಮಡಚಿ ಕರೆದ.

"ಬರ್ಲಿ... ಬರ್ಲಿ... ಬರ್ಲಿ..."

ಸ್ಪೀಕರಿನಿಂದ ಆ ದನಿ ಸ್ಪಷ್ಟವಾಗಿ, ಶಾಂತವಾಗಿ ಕೋಣೆ ತುಂಬಿತು. ಎಂಜಿನ್ ಗುರ್ ಎಂದಿತು. ಹಸಿರು ಸೀರೆ ಚಿತ್ರದ ಕೆಳಗಿನ ಅಂಚಿಗೆ ಜಾರತೊಡಗಿತು.

"ಇನ್ನ ಚೂರ... ಬರ್ಲಿ... ಹಾಂ, ಬರ್ಲಿ..."

ಸೋನಾಲಿ ಕುರ್ಚಿ ಕೆಡವಿ ಎದ್ದು, ಬಾಯಿಗೆ ಕೈ ಒತ್ತಿಕೊಂಡು ಮೋರಿಯ ಕಡೆ ಓಡಿದಳು. ಬಾಳೇಶ ತಮ್ಮ ಕೈ ಹಿಡಿದು, ಲಿಂಗ ಮುಟ್ಟಿ ಹೇಳಿದ ಮಾತು ಮುರಿಗೆಪ್ಪನವರಿಗೆ ನೆನಪಾಯಿತು. ಸುಳ್ಳು ಹೇಳಿರಲಿಲ್ಲ ಅವನು. ಒಂದಕ್ಷರವೂ ಸುಳ್ಳಿರಲಿಲ್ಲ. ಅವನು ಹಿಡಿದಿದ್ದ ತಮ್ಮ ಬಲಗೈಯನ್ನು ಎಲ್ಲಿ ಇಡಬೇಕೆಂದು ತಿಳಿಯದೆ ಅವರು ಅದನ್ನು ಮೇಜಿನಿಂದ ಆಚೆ ಹಿಡಿದುಕೊಂಡರು.

ಚಿತ್ರ ಮುಗಿದು ಪರದೆ ಕಪ್ಪಾಯಿತು.

ಬಾಗಿಲಲ್ಲಿ ಬಳೆಯ ಸದ್ದಾಯಿತು. ತಿರುಗಿ ನೋಡಿದರೆ ಶೋಭಾ. ಪರದೆ ಅವಳಿಗೆ ಕಾಣುವಂತಿರಲಿಲ್ಲ. ಬೆಳಗಿನಿಂದ ಬಾಡಿದ್ದ ಮುಖ ಅರಳಿತ್ತು.

"ಅಜ್ಜಾರ, ನಮ್ಮವರ ದನಿ ಅಲ್ಲೇನ್ರಿ ಅದು?" ಅಂದಳು. "ನಲವತ್ತೊಂದು ದಿನಾ ಆತ್ರಿ ಕೇಳಿ. ಇನ್ನೊಮ್ಮೆ ಹಚ್ಚರಿ."